ಗಿರಿಜಾಂಬಿಕಾ ಮೇಡಂ ಅಂಟಿಸಿದ ಹಳದಿ ಚೀಟಿ

ನನ್ನ ಕಿವಿಯ ವಿಷಯವನ್ನು ನನ್ನನ್ನು ಕೇಳದೆ ಮೂವತ್ತೆರಡು ಮಕ್ಕಳು ಓದಿದರು. ಆ ಸಿಟ್ಟು ಇಂದಿಗೂ ಇಳಿದಿಲ್ಲ. ಆದರೂ ಬರೆಯಲು ಕೂತಿರುವುದು ಆ ಮಕ್ಕಳ ಟೀಚರು ಗಿರಿಜಾಂಬಿಕಾ ಮೇಡಂ ಬಗ್ಗೆ.

ಅವರು ಮಾಯಸಂದ್ರದಿಂದ ಎರಡು ಬಸ್ಸು ಬದಲಾಯಿಸಿ ಬಿಳಿಗೆರೆ ಕಡೆಯ ನಮ್ಮ ಹೈಸ್ಕೂಲಿಗೆ ಬರುತ್ತಿದ್ದರು. ಹನ್ನೊಂದು ವರ್ಷದಿಂದ ಅತಿಥಿ ಶಿಕ್ಷಕಿ. ಕಾಯಂ ಆಗುವ ವಯಸ್ಸು ದಾಟಿತ್ತು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಹೆಡ್‌ಮಾಸ್ಟರು ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಪ್ರತಿ ಬೇಸಿಗೆಯಲ್ಲೂ ಕಾಯುತ್ತಿದ್ದರು.

ಆ ವರ್ಷ ಒಂಬತ್ತನೇ ಕ್ಲಾಸಿಗೆ ಫೋನಿನಲ್ಲಿ ಎಲ್ಲರೂ ಸೇರಿ ಬರೆಯುವ ಒಂದು ಹಾಳೆ ಮಾಡಿಕೊಟ್ಟರು. ಒಬ್ಬರು ಬರೆದದ್ದನ್ನು ಉಳಿದವರು ಅವರವರ ಮನೆಯಲ್ಲೇ ಕೂತು ಓದಿ, ಪಕ್ಕದಲ್ಲಿ ಬಣ್ಣದ ಚೀಟಿ ಅಂಟಿಸಿ ಪ್ರಶ್ನೆ ಕೇಳಬಹುದಿತ್ತು. ತಿದ್ದುವ, ಅಳಿಸುವ ಅಧಿಕಾರವನ್ನೂ ಎಲ್ಲರಿಗೂ ಕೊಟ್ಟಿದ್ದರು. ಮಕ್ಕಳನ್ನು ನಂಬದೆ ಕಲಿಸುವುದು ಹೇಗೆ ಎನ್ನುತ್ತಿದ್ದರಂತೆ. ತಮ್ಮ ತಮ್ಮ ಮನೆಯ ಕಸುಬಿನ ಬಗ್ಗೆ ಮಕ್ಕಳು ಏಳು ತಿಂಗಳು ಬರೆದರು. ಅದನ್ನು ನೋಡಲು ಇಲಾಖೆಯ ಮೇಲಿನವರು ಬರುವುದಿತ್ತು. ಅವರು ಮೆಚ್ಚಿದರೆ ಮೇಡಂ ಕೆಲಸ ಉಳಿಯುತ್ತದೆ ಎಂದು ಹೆಡ್‌ಮಾಸ್ಟರು ಹೇಳಿದ್ದರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಗ ಕೊಬ್ಬರಿ ವ್ಯಾಪಾರಿ ನಂಜುಂಡಪ್ಪನವರ ಬಳಿ ಕಾಯಿ ನೋಡುವ ಕೆಲಸ ನನ್ನದು. ಅಟ್ಟದ ಮೇಲೆ ವರ್ಷ ಕಾಲ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಸದ್ದು ಕೇಳುತ್ತದೆ. ಕೇಳಿದರೆ ಸುಲಿಯಬಹುದು. ಇಲ್ಲದಿದ್ದರೆ ಒಳಗಿನ್ನೂ ಹಸಿ. ನನ್ನ ಮನೆಯ ಅನ್ನ ಆ ಸದ್ದಿನಲ್ಲಿತ್ತು.

ಒಂದು ಬೆಳಿಗ್ಗೆ ಮಗಳು ಜೀವಿತಾ ಸ್ನಾನಕ್ಕೆ ಹೋಗಿದ್ದಾಗ, ಕೊಬ್ಬರಿ ರೇಟು ನೋಡಲು ಫೋನ್ ತೆಗೆದೆ. ಹಾಳೆ ತೆರೆದೇ ಇತ್ತು. ಅಕ್ಷರ ಕೂಡಿಸಿ ಓದಿದೆ. ‘ನಮ್ಮಪ್ಪನಿಗೆ ಬಲಗಿವಿ ಕೇಳುವುದಿಲ್ಲ. ಕಾಯಿಯನ್ನು ಎಡಗಿವಿಗೆ ಹಿಡಿಯುತ್ತಾರೆ. ಯಾರಿಗೂ ಹೇಳಿಲ್ಲ.’ ಪಕ್ಕದಲ್ಲಿ ನಂಜುಂಡಪ್ಪನವರ ಮೊಮ್ಮಗ ಮೋಕ್ಷಿತನ ಕೆಂಪು ಚೀಟಿ: ‘ಇದು ನಮ್ಮ ತಾತನಿಗೆ ಗೊತ್ತಾ?’ ಕೆಳಗೆ ಇನ್ನೊಂದು ಹಳದಿ ಚೀಟಿ ಇತ್ತು. ಅದನ್ನು ಓದುವ ತಾಳ್ಮೆ ನನಗಿರಲಿಲ್ಲ.

ಬೇಡದ ಫೋಟೋ ಅಳಿಸುವುದು ಗೊತ್ತಿತ್ತು. ಹಾಗೆಯೇ ಕಸದ ಡಬ್ಬಿಯ ಗುರುತು ಒತ್ತಿದೆ. ಏನೋ ಕೇಳಿತು, ಮತ್ತೆ ಒತ್ತಿದೆ. ನಮ್ಮ ಫೋನಿನಲ್ಲಿ ಮಾತ್ರ ಹೋಯಿತೆಂದುಕೊಂಡೆ. ಎಲ್ಲ ಮಕ್ಕಳ ಏಳು ತಿಂಗಳು ಹೋಗಿತ್ತು.

ತಲೆ ಒರೆಸಿಕೊಳ್ಳುತ್ತಾ ಬಂದ ಮಗಳು ಫೋನ್ ಕಿತ್ತುಕೊಂಡು ನೋಡಿದಳು. ‘ಅಪ್ಪಾ, ಏನ್ ಮಾಡ್ಬುಟ್ಟೆ?’

‘ನಮ್ಮನೆ ಹಾಳ್ ಮಾಡಕ್ಕೇನೇ ನಿನ್ನ ಓದ್ಸಿದ್ದು?’ ಎಂದು ರೇಗಿದೆ.

ಹೋದದ್ದನ್ನು ಮೇಡಂ ಕೈಯಲ್ಲೂ ಮತ್ತೆ ತರಲಾಗಲಿಲ್ಲ. ಮೂರನೇ ದಿನ ಮೇಲಿನವರು ಬಂದರು. ಹೆತ್ತವರನ್ನೂ ಕರೆಸಿದ್ದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ನಂಜುಂಡಪ್ಪನವರು ಶಾಲೆ ಕಮಿಟಿಯವರಾದ್ದರಿಂದ ಮುಂದಿನ ಕುರ್ಚಿಯಲ್ಲಿದ್ದರು. ಏಳು ತಿಂಗಳು ಏನು ಮಾಡಿದಿರಿ, ತೋರಿಸಿ ಎಂದು ಹೆಡ್‌ಮಾಸ್ಟರು ಕೇಳಿದರು. ಯಾರ ಹೆಸರಿನಿಂದ ಅಳಿಸಿದ್ದೆಂದು ಮೇಡಂ ಫೋನಿನಲ್ಲಿ ಬಂದಿತ್ತಂತೆ. ಅವರು ಜೀವಿತಾಳ ಕಡೆ ತಿರುಗಲೂ ಇಲ್ಲ.

‘ನನ್ನ ಕೈತಪ್ಪಿನಿಂದ ಹೋಯ್ತು ಸಾರ್,’ ಎಂದರು.

ನಾನು ಎದ್ದು ನಿಲ್ಲಬೇಕಿತ್ತು. ಎದ್ದರೆ ಯಾಕೆ ಅಳಿಸಿದೆ ಎಂದು ಹೇಳಬೇಕು. ಹೇಳಿದರೆ ನಾಳೆಯಿಂದ ಕೆಲಸವಿಲ್ಲ. ಬೆಂಚು ಹಿಡಿದುಕೊಂಡು ಕೂತೆ. ವರ್ಷ ಮುಗಿದ ಮೇಲೆ ಬರುವುದು ಬೇಡ ಎಂದು ಹೆಡ್‌ಮಾಸ್ಟರು ಅಲ್ಲೇ ಹೇಳಿಬಿಟ್ಟರು.

ಹಳದಿ ಚೀಟಿಯಲ್ಲಿ ಏನಿತ್ತೆಂದು ಆ ಸಂಜೆ ಜೀವಿತಾ ಹೇಳಿದಳು. ಅದು ಮೇಡಂ ಬರೆದದ್ದು. ‘ಅಪ್ಪನನ್ನು ಕೇಳದೆ ಇದನ್ನು ಬರೆಯಬಾರದಿತ್ತು ಮಗಳೇ. ನಾಳೆ ಬೆಳಿಗ್ಗೆ ನಾವಿಬ್ಬರೂ ಕೂತು ತೆಗೆಯೋಣ.’ ತಾತನಿಗೆ ಹೇಳುವುದಿಲ್ಲವೆಂದು ಮೋಕ್ಷಿತನಿಂದ ಮಾತನ್ನೂ ತೆಗೆದುಕೊಂಡಿದ್ದರಂತೆ. ಹುಡುಗ ಕೊನೆಯವರೆಗೂ ಬಾಯಿ ಬಿಡಲಿಲ್ಲ.

ಶಾಲೆಯಲ್ಲಿ ಮೇಡಂ ಅವರ ಕೊನೆಯ ದಿನ ಬಸ್‌ಸ್ಟಾಪಿಗೆ ಹೋಗಿ, ‘ಮೇಡಮ್ಮೋರೆ,’ ಎಂದೆ. ನನ್ನ ಬಲಕ್ಕಿದ್ದವರು ಸುತ್ತಿಕೊಂಡು ಬಂದು ಎಡಕ್ಕೆ ನಿಂತರು.

‘ಜೀವಿತಾನ ಸ್ಕೂಲ್ ಬಿಡಿಸ್ಬೇಡಿ ಈರಣ್ಣನವರೇ. ಚೆನ್ನಾಗಿ ಬರೀತಾಳೆ.’

‘ಇಲ್ಲ ಬುಡಿ,’ ಎಂದೆ. ಅಷ್ಟರಲ್ಲಿ ತುರುವೇಕೆರೆ ಬಸ್ಸು ಬಂತು.

ಎಡಗಿವಿಯೂ ಹೋಗಿ ಈಗ ಕಾಯಿ ನೋಡುವ ಕೆಲಸ ಬಿಟ್ಟಿದ್ದೇನೆ. ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ. ಎರಡು ಸಲ ಮಾಯಸಂದ್ರಕ್ಕೆ ಹೋದೆ. ಮನೆ ಖಾಲಿ ಮಾಡಿ ಎಲ್ಲಿಗೆ ಹೋದರೋ ಯಾರಿಗೂ ತಿಳಿಯದು. ಅಳಿಸಿದವನು ನಾನು ಎಂಬ ಒಂದು ಮಾತು ಅವರಿಗೆ ಸಲ್ಲಬೇಕಿತ್ತು. ಸಂದಿಲ್ಲ.