ಡೇರಿ ಸಾಲಿನ ಯಶೋದಮ್ಮ

ಕೊಪ್ಪದ ಹಾಲಿನ ಡೇರಿಯಲ್ಲಿ ಯಶೋದಮ್ಮನ ಹಿಂದೆ ಕ್ಯಾನು ಹಿಡಿದು ನಿಂತವರಿಗೆ ಆಕೆಯ ಮಗಳ ಪುರಾಣ ಕೇಳದೆ ಬಿಡುಗಡೆಯಿಲ್ಲ. ಹಾಲಿನ ಫ್ಯಾಟು ಕಡಿಮೆ ಬಂದರೂ ‘ನಮ್ ದೀಪಿಕ ಇದ್ದಿದ್ರೆ ಯಾಕಂತ ಕಂಡಿಡಿಯೋಳು’ ಎಂದು ಅಲ್ಲಿಗೂ ಮಗಳನ್ನೇ ಎಳೆದು ತರುತ್ತಾಳೆ. ದೀಪಿಕ ಡಾಕ್ಟರು ಓದಿದ್ದೇನೋ ಸರಿ, ಆದರೆ ಕ್ಲಿನಿಕ್ಕು ತೆರೆಯದೆ ಹಾವಿನ ವಿಷದ ಸಂಶೋಧನೆಗೆ ಸೇರಿಕೊಂಡದ್ದು ಊರಿಗೆ ಅರ್ಥವಾಗಿಲ್ಲ. ‘ಒಂದ್ ಸೂಜಿ ಚುಚ್ಚಲ್ಲ ಅಂದ್ಮೇಲೆ ಅದ್ಯಾವ ಡಾಕ್ಟ್ರು ಕಣಕ್ಕ?’ ಎಂದು ಸಾಲಿನಲ್ಲಿ ಯಾವಳಾದರೂ ಕೆಣಕಿದರೆ ಸಾಕು, ಯಶೋದಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸುತ್ತಾಳೆ. ‘ಸೂಜಿ ಚುಚ್ಚೋರು ಬೀದಿಗೊಬ್ರು ಅವ್ರೆ. ಸೂಜಿ ಒಳಗಿನ ಔಸ್ದಿ ಎಲ್ಲಿಂದ ಬತ್ತದೆ? ಅದ ಕಂಡಿಡಿಯೋಳು ನನ್ ಮಗಳು!’ ಆಮೇಲೆ ಹೊಸ ಉಂಗುರ ತೋರಿಸುವವಳ ಹಾಗೆ ಬಲಗೈ ಚಾಚುತ್ತಾಳೆ. ಅಲ್ಲಿ ಉಂಗುರದ ಬೆರಳೇ ಇಲ್ಲ. ಕಬ್ಬಿನ ಗದ್ದೆಯಲ್ಲಿ ನಾಗರಹಾವು ಕಚ್ಚಿದಾಗ ಆಸ್ಪತ್ರೆಯವರು ಜೀವ ಉಳಿಸಿದರು, ಬೆರಳು ಮಾತ್ರ ಕೊಳೆತುಹೋಯಿತು. ಅದನ್ನು ತಡೆಯುವ ಔಷಧಿ ಇನ್ನೂ ಯಾರೂ ಕಂಡುಹಿಡಿದಿಲ್ಲ ಎಂದು ಡಾಕ್ಟರು ಹೇಳಿದಾಗ, ಮಂಚದ ಪಕ್ಕ ಸ್ಕೂಲ್ ಯೂನಿಫಾರಮ್ಮಿನಲ್ಲೇ ನಿಂತಿದ್ದ ದೀಪಿಕ ಅಳು ನಿಲ್ಲಿಸಿ, ‘ಅಂಗಾರೆ ನಾನ್ ಕಂಡಿಡೀತೀನಿ’ ಅಂದಿದ್ದಳು. ಅಷ್ಟು ಹೇಳಿ ಯಶೋದಮ್ಮ ಉಳಿದ ಬೆರಳುಗಳಲ್ಲೇ ಕ್ಯಾನು ಎತ್ತಿಕೊಂಡು, ಕೆಣಕಿದವಳ ಕೈಯನ್ನೇ ನೋಡುತ್ತಾಳೆ: ‘ನಂದೋಯ್ತು, ಓಗ್ಲಿ ಬುಡು. ನಿನ್ ಬೆರಳು ಉಳಿಸ್ತಾಳೆ ಕಣೇ ಅವ್ಳು.’