ತಂಗಿಯನ್ನು ಮುಟ್ಟದೆ ಕೂರಿಸಿದ ಐದು ದಿನ

ನನಗೆ ಹದಿಮೂರು, ತಂಗಿಗೆ ಹನ್ನೊಂದು. ಸಿರುಗುಪ್ಪದ ಮನೆಯಲ್ಲಿ ನಾವಿಬ್ಬರೇ ಮಕ್ಕಳು. ಬಳ್ಳಾರಿ ಸೀಮೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು. ಭತ್ತದ ಹುಲ್ಲು ಹೇರಿದ ಬಂಡಿ ಹತ್ತಬೇಡಿರೆಂದು ಅಪ್ಪ ಗದರಿಸಿ ಹೇಳಿದ್ದ. ಹತ್ತಿದೆವು. ಹತ್ತು ಅಂದವಳು ನಾನೇ. ತಂಗಿ ಜಾರಿದಳು, ಬಂಡಿಯ ಮುಂದೆ ಚಾಚಿದ ಮೂಕಿ ಮರಕ್ಕೆ ಪಕ್ಕೆ ಬಡಿದು ಕೆಳಗೆ ಬಿದ್ದಳು. ಒಂದು ಗಳಿಗೆ ಉಸಿರೇ ಇರಲಿಲ್ಲ. ಆಮೇಲೆ ಎದ್ದು ಲಂಗ ಝಾಡಿಸಿಕೊಂಡಳು. ಯಾರಿಗೂ ಹೇಳಕೂಡದೆಂದು ಅವಳ ಕೈಲಿ ಆಣೆ ಮಾಡಿಸಿಕೊಂಡೆ.

ಮರುದಿನ ಅವಳ ಲಂಗದ ಮೇಲೆ ರಕ್ತದ ಕಲೆ ಕಂಡಿತು. ಅವ್ವ ನೋಡಿ ಅಜ್ಜಿಯನ್ನು ಕರೆದಳು, ಅಜ್ಜಿ ಇಡೀ ಓಣಿಯನ್ನೇ ಕರೆದಳು. ಹುಡುಗಿ ಮೈನೆರೆದಳೆಂದು ಎಲ್ಲರಿಗೂ ಸಂಭ್ರಮ. ಕುರುಗೋಡಿನ ಸೋದರಮಾವ ಸೀರೆ ತಂದ, ಹಿತ್ತಲಲ್ಲಿ ಹಸಿ ಗರಿಯ ಗುಡಿಸಲು ಕಟ್ಟಿದ. ಕೊಬ್ಬರಿ ಬೆಲ್ಲ ಬಂತು, ಎಳ್ಳಿನ ಚಿಗಳಿ ಬಂತು. ಐದನೆಯ ದಿನ ತಲೆಗೆ ನೀರು ಹಾಕುವ ತನಕ ಅವಳನ್ನು ಯಾರೂ ಮುಟ್ಟುವಂತಿರಲಿಲ್ಲ. ಊಟದ ತಟ್ಟೆಯನ್ನೂ ದೂರದಿಂದ ಸರಿಸಬೇಕು.

ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿದುಹೋಯಿತು. ದೊಡ್ಡವಳು ನಾನು. ಬಂದವರೆಲ್ಲ ನನ್ನನ್ನು ನೋಡಿ, ಚಿಕ್ಕವಳೇ ಮುಂದಾದಳಲ್ಲ, ಇವಳದು ಯಾವಾಗಲೋ ಎಂದು ನಗುತ್ತಿದ್ದರು. ಅವರ ಬಾಯಿಗಿಷ್ಟು ಮಣ್ಣು ಹಾಕ! ಮೂರು ದಿನ ನಾನು ಗುಡಿಸಲಿನ ಕಡೆ ಮುಖ ಹಾಕಲಿಲ್ಲ.

ನಾಲ್ಕನೆಯ ದಿನ ಊಟ ಕೊಡಲು ನನ್ನನ್ನೇ ಅಟ್ಟಿದರು. ಹಿಂದಿನ ಹೊತ್ತಿನ ಊಟ ಹಾಗೇ ಇತ್ತು. ತಂಗಿಯ ಮುಖ ಬಾತುಕೊಂಡಿತ್ತು.

“ಅಕ್ಕಾ, ಇದು ಅದಲ್ಲ,” ಅಂದಳು. “ಉಚ್ಚಿಗೆ ಕುಂತಾಗಷ್ಟ ಕೆಂಪಗ ಬರ್ತೈತಿ. ನಿನ್ನಿಯಿಂದ ಅದೂ ಸರಿಯಾಗಿ ಬರವಲ್ದು. ಪಕ್ಕಿ ಭಾಳ ನೋಯ್ತೈತಿ. ಬಿದ್ದದ್ದು ಅವ್ವಗ ಹೇಳ್ಲೇನು?”

ನನ್ನ ಅಪ್ಪಣೆ ಕೇಳುತ್ತಿದ್ದಳು, ಪಾಪದ ಹುಡುಗಿ.

“ಸೀರಿ ಉಟ್ಕೊಂಡು ರಾಣಿಯಂಗ ಕುಂತಿ, ಇನ್ನೇನು ಬೇಕಲೇ ನಿನಗ? ಸುಮ್ಕಿರು,” ಅಂದೆ.

ಅಪ್ಪನ ಏಟಿನ ಭಯ ಅರ್ಧ, ಹೊಟ್ಟೆಕಿಚ್ಚು ಅರ್ಧ.

ಐದನೆಯ ದಿನ ಬೆನ್ನಿಗೆ ಅರಿಶಿನ ಹಚ್ಚಲು ಹೋದವರು ಹಾಡು ನಿಲ್ಲಿಸಿದರು. ಪಕ್ಕೆಯಿಂದ ಸೊಂಟದವರೆಗೆ ನೀಲಿಗಟ್ಟಿ ಊದಿಹೋಗಿತ್ತು. ಆ ಅರಿಶಿನದ ಮೈಯಲ್ಲೇ ಅವಳನ್ನು ಬಸ್ಸಿಗೆ ಹತ್ತಿಸಿ ಬಳ್ಳಾರಿಯ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಅಪ್ಪನಿಗೆ ತೆಲುಗಿನಲ್ಲಿ ಹೇಳಿದರು: ಒಂದು ಮೂತ್ರಪಿಂಡ ಒಡೆದು ಒಳಗೆ ಕೀವಾಗಿದೆ, ಇನ್ನೊಂದೂ ಸೋಲುತ್ತಿದೆ, ಮೊದಲ ದಿನವೇ ತಂದಿದ್ದರೆ ಉಳಿಯುತ್ತಿದ್ದಳೇನೋ. ಯಾವಾಗ ಬಿದ್ದಳು ಎಂದು ಕೇಳಿದರು. ಬಿದ್ದೇ ಇಲ್ಲವೆಂದು ಅವ್ವ ದೇವರ ಆಣೆ ಮಾಡಿದಳು. ತಂಗಿ ನನ್ನ ಕಡೆ ನೋಡಿದಳು. ಆಗ ನಾನು ಹೇಳಿದೆ. ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ಎರಡು ದಿನ ಇದ್ದಳು. ಅವಳನ್ನು ಊರಿಗೆ ತರುವಷ್ಟರಲ್ಲಿ ಗುಡಿಸಲಿನ ಗರಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಮಾವ ಅದನ್ನು ಕಿತ್ತು ಹಾಕುತ್ತಾ ಗಂಡಸೆನ್ನುವುದನ್ನೂ ಮರೆತು ಗೋಳೋ ಎಂದು ಅತ್ತ. ನನಗೆ ಅಳುವ ಮುಖವೂ ಇರಲಿಲ್ಲ.

ಒಂದು ವರ್ಷ ಕಳೆದು ನನ್ನ ಸರದಿ ಬಂತು. ಅಜ್ಜಿ ಓಣಿಗೆ ಹೇಳಲಿಲ್ಲ, ಕುರುಗೋಡಿಗೆ ಸುದ್ದಿ ಹೋಗಲಿಲ್ಲ. ಅವ್ವ ನನ್ನನ್ನು ಒಳಕೋಣೆಗೆ ಎಳೆದುಕೊಂಡು ಹೋಗಿ, ಮುಟ್ಟಬಾರದ ನನ್ನನ್ನು ಮುಟ್ಟಿ, ಎರಡೂ ಪಕ್ಕೆಗಳನ್ನು ಒತ್ತಿ ಒತ್ತಿ ನೋಡಿದಳು.

“ಎಲ್ಲಿ ಬಿದ್ದಿ ಹೇಳವ್ವಾ,” ಅಂದಳು. “ನಾ ಬೈಯಂಗಿಲ್ಲ.”

ಎಲ್ಲೂ ಬಿದ್ದಿಲ್ಲ ಅಂದೆ. ಅವಳು ನನ್ನ ಮಾತು ನಂಬದೆ, ಬಳ್ಳಾರಿ ಬಸ್ಸಿಗೆ ಹೊರಡೋಣವೆಂದು ಅಪ್ಪನನ್ನು ಕೂಗಿದಳು.