ಮಾಸ್ತರ ಕಾಲಿನ ಪಾಲುದಾರರು

ಗದುಗಿನ ಸ್ಟೇಶನ್ನಿಗೆ ಗಾಡಿ ಬರಲು ಇನ್ನೂ ಒಂದೂವರೆ ತಾಸು ಇರುವಾಗಲೇ ನಾನು ಫಲಾಟಿನ ಮೇಲೆ ಹಾಜರಿದ್ದೆ. ಗಾಡಿ ತಪ್ಪೀತೆಂಬ ಹೆದರಿಕೆ ನನಗೆ ಹುಟ್ಟಿನಿಂದ ಬಂದದ್ದು. ಚೀಲದಲ್ಲಿ ಓಮದ ಅರ್ಕ, ಸುಂಠಿಪುಡಿ, ಹೊಟ್ಟೆ ಕಟ್ಟಿದರೆ ಒಂದು ಗುಳಿಗೆ, ಬಿಟ್ಟರೆ ಇನ್ನೊಂದು ಗುಳಿಗೆ, ಎರಡು ಕನ್ನಡಕ, ಮತ್ತು ಮೇಣಗಪ್ಪಡದಲ್ಲಿ ಸುತ್ತಿದ ಬಿಳಿಯ ದಪ್ಪ ಕಾಗದ ಇದ್ದವು. "ನಾಕು ದಿನಕ್ಕ ಹೋಗಾವ್ರು ಕಾಶಿಗೆ ಹೊಂಟಾರಂಗ ಮಾಡ್ತೀರಲ್ರೀ," ಎಂದು ಮನೆಯವಳು ರೊಟ್ಟಿಯ ಗಂಟು ಕೈಗಿಡುತ್ತ ನಕ್ಕಿದ್ದಳು. ಕಾಶಿಗೆ ಹೋಗುವುದಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಕೊಪ್ಪಳದಿಂದ ಹಳೆಯ ಗೆಳೆಯ ಸಂಗಪ್ಪ ಬರೆಸಿದ ಕಾಗದವೇ ಈ ಪ್ರವಾಸಕ್ಕೆ ಕಾರಣ. "ನಮ್ಮ ಹುಸೇನಸಾಬ ಮಾಸ್ತರು ನೌಕರಿಯಿಂದ ನಿವೃತ್ತರಾಗಿ ಔರಂಗಾಬಾದಿಗೆ, ಮಗಳ ಮನೆಗೆ ಹೋಗುತ್ತಾರೆ. ಹಳೆಯ ಆಟಗಾರರೆಲ್ಲ ಶುಕ್ರವಾರ ಯಲಬುರ್ಗಿಯಲ್ಲಿ ಕೂಡುತ್ತೇವೆ. ಬಿನ್ನವತ್ತಳೆ ನೀನು ಬರೆಯಬೇಕು. ನಮ್ಮೊಳಗೆ ಅಕ್ಷರ ಚಂದ ಇರುವುದು ನಿನ್ನದೊಂದೇ. ಆಟವಂತೂ ಚಂದ ಇರಲಿಲ್ಲ."

ಹುಸೇನಸಾಬ ಮಾಸ್ತರು ಡ್ರಿಲ್ ಮಾಸ್ತರು. ಹೈದರಾಬಾದಿನಲ್ಲಿ ಬಾಸ್ಕೆಟ್‌ಬಾಲ್ ಎಂಬ ಆಟವನ್ನು ನೋಡಿ ಬಂದು ನಮ್ಮ ಕೊಪ್ಪಳದ ಸಾಲೆಯ ಅಂಗಳದಲ್ಲಿ ಶುರು ಮಾಡಿದವರು. ಕಪಿಲೆ ಬಾವಿಯ ತೊಗಲು ಬಾನಿಗೆ ಹಾಕುವ ಕಬ್ಬಿಣದ ಬಳೆಗಳೆರಡನ್ನು ತಂದು, ಎದುರುಬದುರಿನ ಎರಡು ಬೇವಿನಮರಗಳಿಗೆ ಬಡಿದರು. ಊರವರು ಅದನ್ನು ಬಳಿಯಾಟ ಎಂದರು. ಮುಂದೆ ವರ್ಗವಾದಲ್ಲೆಲ್ಲ, ಗಂಗಾವತಿಗೆ, ಕುಷ್ಟಗಿಗೆ, ಯಲಬುರ್ಗಿಗೆ, ಆ ಬಳೆಗಳೂ ಅವರ ಟ್ರಂಕಿನ ಜೊತೆ ಹೋದವು.

ಅವರು ಯಾರನ್ನೂ ಹೊಡೆಯುತ್ತಿರಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಆಟದಲ್ಲಿ ತಪ್ಪು ಮಾಡಿದ ಹುಡುಗನ ಕೈಗೆ ತಮ್ಮ ಕೆಂಪು ರೂಮಿ ಟೋಪಿ ಕೊಟ್ಟು "ಟೋಪಿ ಹಿಡಿ" ಎನ್ನುತ್ತಿದ್ದರು. ಆಮೇಲೆ ಆ ಹುಡುಗ ಓಡಬೇಕಾದ ಸುತ್ತನ್ನು ತಾವೇ ಓಡುತ್ತಿದ್ದರು. ಟೋಪಿ ಹಿಡಿದು ನಿಂತು ಅದನ್ನು ನೋಡುವುದೇ ಶಿಕ್ಷೆ. ಇಪ್ಪತ್ತೆರಡು ವರ್ಷಗಳ ಹಿಂದೆ, ರಾಯಚೂರಿನ ಪಂದ್ಯದಲ್ಲಿ, ನಾನು ಚೆಂಡನ್ನು ನಮ್ಮದೇ ಬಳೆಯೊಳಗೆ ಹಾಕಿದೆ. ಸೋತೆವು. ಅಷ್ಟು ಪರಸ್ಥಳದ ಜನರ ಮುಂದೆ ಮಾಸ್ತರು ನನ್ನ ಸಲುವಾಗಿ ಐದು ಸುತ್ತು ಓಡಿದರು. ಮರುದಿನ ಸ್ಟೇಶನ್ನಿನಲ್ಲಿ ಅವರು ಬಲಗಾಲು ಎಳೆಯುತ್ತ ನಡೆಯುವುದನ್ನು ಕಂಡೆ. ಅದೇ ವರ್ಷ ಸಾಲೆ ಬಿಟ್ಟು ಗದುಗಿಗೆ ಬಂದು ಹತ್ತಿಯ ಜಿನ್ನಿನಲ್ಲಿ ಗುಮಾಸ್ತನಾದೆ. ಒಂದು ಕಾಗದ ಬರೆಯಲಿಲ್ಲ. ಮಾಸ್ತರು ಈಗಲೂ ಒಮ್ಮೊಮ್ಮೆ ಕುಂಟುತ್ತಾರೆಂದು ಯಾರಾದರೂ ಹೇಳಿದರೆ ಆ ದಿನ ನನಗೆ ಊಟ ಸೇರುತ್ತಿರಲಿಲ್ಲ. ಅವರು ಔರಂಗಾಬಾದಿಗೆ ಹೋಗುವ ಮುಂಚೆ "ನಿಮ್ಮ ಕಾಲು ಕೆಡಿಸಿದವನು ನಾನು" ಎಂದು ಒಮ್ಮೆ ಹೇಳಿಬಿಡಬೇಕೆಂದೇ ಹೊರಟಿದ್ದೆ.

ಗಾಡಿ ಮಧ್ಯಾಹ್ನ ಕೊಪ್ಪಳ ಮುಟ್ಟಿತು. ನಿಜಾಮ ಸೀಮೆಯ ಸುಂಕದ ನಾಕಾದ ಜವಾನ ನನ್ನ ಚೀಲ ಬಿಚ್ಚಿ, ಬಾಟಲಿಗಳನ್ನು ಒಂದೊಂದಾಗಿ ಮೂಸಿ, "ಡಾಕ್ಟರೇನ್ರಿ?" ಎಂದ. "ಅಲ್ಲಪಾ, ರೋಗಿ," ಎಂದೆ. "ಏನ್ ರೋಗ?" "ಇನ್ನೂ ಬಂದಿಲ್ಲ." ಆತ ಕರುಣೆಯಿಂದ ಬಿಟ್ಟುಬಿಟ್ಟ.

ಹೊರಗೆ ಸಂಗಪ್ಪ ನಿಂತಿದ್ದ. ಈಗ ಇರಕಲ್ಲಗಡದಲ್ಲಿ ಒಕ್ಕಲುತನ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಚುರುಕಾಗಿದ್ದವನ ಹೊಟ್ಟೆ ಈಗ ಅವನಿಗಿಂತ ಒಂದು ಹೆಜ್ಜೆ ಮುಂದೆ ಬರುತ್ತಿತ್ತು. ಸಂಜೆ ಹಳೆಯ ಸಾಲೆಗೆ ಹೋದೆವು. ಬೇವಿನಮರದ ಮೇಲೆ ಮೊಳೆ ಬಡಿದ ಗಾಯ ಉಬ್ಬಿ ಗಂಟಾಗಿತ್ತು. "ಈ ಮರದ ಬಳಿ ನಮ್ಮದೋ, ಅವರದೋ?" ಎಂದು ಸಂಗಪ್ಪ ನನ್ನನ್ನು ಕೇಳಿದ. ನಾನು ಎರಡೂ ಮರ ನೋಡುವುದರೊಳಗೆ, "ಕಂಡೀಯೇನು ಶಂಕ್ರಪ್ಪ, ನಿನಗ ಯಾವಾಗಲೂ ಅಲ್ಲೇ ಗೊಂದಲ," ಎಂದು ನಕ್ಕ.

ಬುಧವಾರ ಬೆಳಿಗ್ಗೆ ಗಂಗಾವತಿಯ ಬಸ್ಸು. ನಿಜಾಮರ ಹಾಲಿ ನಾಣ್ಯದಲ್ಲಿ ಹತ್ತು ಆಣೆ. ಯುದ್ಧದಿಂದ ಪೆಟ್ರೋಲು ಇಲ್ಲವಾಗಿ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆಯ ಡ್ರಮ್ಮು ಕಟ್ಟಿದ್ದರು. ಹೊರಡುವ ಮುಂಚೆ ಅದರ ಗಾಳಿಚಕ್ರವನ್ನು ಅರ್ಧ ತಾಸು ತಿರುವಬೇಕು. ಡ್ರಮ್ಮು ಸಿಡಿದರೆ ಮೊದಲು ಯಾರು ಹೋಗುತ್ತಾರೆಂದು ನಾನು ಲೆಕ್ಕ ಹಾಕಿ ಮುಂದಿನ ಸೀಟು ಹಿಡಿದೆ. ದಿಬ್ಬ ಬಂದಾಗಲೆಲ್ಲ ಕಂಡಕ್ಟರು "ಗಂಡಸ್ರು ಇಳೀರಿ, ಹೆಣ್ಣಮಕ್ಕಳು ಕುಂದರ್ರಿ" ಎನ್ನುತ್ತಿದ್ದ. ಇಪ್ಪತ್ತೈದು ಮೈಲಿಯಲ್ಲಿ ಎಷ್ಟು ಕುಳಿತೆವೋ ಅಷ್ಟೇ ನೂಕಿದೆವು.

ಗಂಗಾವತಿಯಲ್ಲಿ, ಮಾಸ್ತರು ಅಲ್ಲಿದ್ದಾಗ ಆಡಿದ ಯಂಕೋಬ ಎಂಬವನನ್ನು ಕರೆದುಕೊಳ್ಳಬೇಕಿತ್ತು. ನಮಗಿಂತ ಏಳೆಂಟು ವರ್ಷ ಸಣ್ಣವನು, ಯಾರದೋ ಬಾಳೆತೋಟದಲ್ಲಿ ಕೂಲಿ. ಹೊಳೆ ಹತ್ತಿರದ ಊರು; ಅವನ ಹೆಂಡತಿ ರೊಟ್ಟಿಯ ಬದಲು ಬಾಳೆಲೆ ತುಂಬ ಬಿಸಿ ಅನ್ನ ಬಡಿಸಿದಳು. ನಾನು ಬಿನ್ನವತ್ತಳೆಗೆಂದು ಸೀಸಕಡ್ಡಿ ತೆಗೆದು "ಮಾಸ್ತರ ಗುಣ ಹೇಳಪಾ" ಎಂದೆ.

"ಗುಣ ಏನ್ ಕೇಳ್ತೀರಿ ಅಣ್ಣಾರ? ಒಂದ ವರ್ಷ ಚೆಂಡು ಒಡೀತ್ರಿ. ಹೊಸಾದು ಬರಾಕ ಎರಡು ತಿಂಗಳು. ಮಾಸ್ತರು ಆಟ ಬಿಡ್ಲಿಲ್ಲ. ಬರೇ ಕೈಲೇ ಆಡ್ರಿ ಅಂದ್ರು."

"ಚೆಂಡಿಲ್ಲದನ?"

"ಚೆಂಡಿಲ್ಲದನ! ಎಸದಂಗ ಮಾಡಬೇಕು, ಹಿಡದಂಗ ಮಾಡಬೇಕು. ಒಂದಿನ ನಾ ನೊಣ ಹೊಡಕೊಂಡೆ. ಸೀಟಿ ಊದಿದ್ರು. 'ಯಂಕೋಬ ಸಾಹೇಬ್ರ, ತಮ್ಮ ಚೆಂಡು ಕೆಳಗ ಬಿತ್ತಲ್ರೀ' ಅಂದ್ರು."

ಸಂಗಪ್ಪ ಅನ್ನ ನೆತ್ತಿಗೇರುವಂತೆ ನಕ್ಕ. ಮಾಸ್ತರಿಗೆ ಸಿಟ್ಟು ಬಂದರೆ ಬಹುವಚನ ಬರುತ್ತಿತ್ತು, "ಸಾಹೇಬ್ರ" ಎಂದರೆಂದರೆ ಮುಗಿಯಿತು. ಸಂತೋಷವಾದರೆ "ನಡೀತದ" ಎಂಬ ಒಂದೇ ಮಾತು. ಆ ಮಾತು ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ.

"ಚೆಂಡು ಎಲ್ಲಾರ ಕೈಗೂ ಹೋಗಬೇಕು, ಮಡಿಯವ್ರು ಮನಿಗೆ ಹೋಗಿ ಜಳಕ ಮಾಡ್ರಿ, ಇಲ್ಲಿ ಹಿಡೀರಿ ಅಂತಿದ್ರು," ಎಂದ ಯಂಕೋಬ. ಆಮೇಲೆ ಎಲೆಯ ಮೇಲೆ ಬೆರಳಾಡಿಸುತ್ತ ದನಿ ತಗ್ಗಿಸಿದ. "ಆದ್ರ ಅಣ್ಣಾರ, ಒಂದು ಪಾಪ ನನ್ನ ಕುತ್ತಿಗ್ಯಾಗ ಐತಿ. ಆ ನೊಣದ ದಿನ ನನ್ನ ಸಲುವಾಗಿ ಓಡಿದ್ರಲ್ಲ, ಅವತ್ತ ಮಾಸ್ತರ ಕಾಲು ಹೋತು. ಮರುದಿನದಿಂದ ಕುಂಟಾಕ ಹತ್ತಿದ್ರು."

ನನ್ನ ಕೈಯೊಳಗಿನ ಸೀಸಕಡ್ಡಿ ನಿಂತಿತು. ಮನಸ್ಸು ಹಗುರವಾಗಬೇಕಿತ್ತು. ಆದರೆ ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂತು. ಇಪ್ಪತ್ತೆರಡು ವರ್ಷ ನಾನು ಹೊತ್ತ ಪಾಪವನ್ನು ಇವನು ಒಂದು ನೊಣದ ಹೆಸರಿನಲ್ಲಿ ಕಸಿದುಕೊಳ್ಳುವುದೆಂದರೇನು? "ಅದು ಯಾವ ವರ್ಷ?" ಎಂದೆ. ಹೇಳಿದ. "ಅದಕ್ಕೂ ಮುಂಚೆ ಕುಂಟತಿದ್ರು," ಎಂದು ಗಡುಸಾಗಿ ಹೇಳಿ ನನ್ನ ರಾಯಚೂರಿನ ಕಥೆ ಹೊರಗಿಟ್ಟೆ. "ಇಲ್ಲ ಬಿಡ್ರಿ, ನಮ್ಮೂರಿಗೆ ಬಂದಾಗ ಕಾಲು ಬಾಣದಂಗ ಇತ್ತು," ಎಂದು ಯಂಕೋಬ ಪಟ್ಟು ಬಿಡಲಿಲ್ಲ. ಸಂಗಪ್ಪ ಮಾತ್ರ ಅಡಕೆ ಕತ್ತರಿಸುತ್ತಲೇ ಇದ್ದ.

ಗುರುವಾರ ಮೂವರೂ ಕನಕಗಿರಿಯ ಮೇಲೆ ಹಾಯ್ದು ಕುಷ್ಟಗಿಗೆ ಹೊರಟೆವು. ಗದ್ದೆ, ಬಾಳೆ ಹಿಂದೆ ಉಳಿದು ದಾರಿಯುದ್ದ ಬಿಳಿಜೋಳ ನಿಂತಿತ್ತು, ಗಾಳಿ ತಣ್ಣಗಿತ್ತು. ತಾವರಗೇರಾದಲ್ಲಿ ಸಂತೆ. ಚಹಾ, ಒಗ್ಗರಣೆ ಹಾಕಿದ ಚುರುಮುರಿ ತಿಂದು ಬರುವುದರೊಳಗೆ ನಮ್ಮ ಸೀಟುಗಳ ಮೇಲೆ ಮೆಣಸಿನಕಾಯಿ ಚೀಲಗಳು ಕುಳಿತಿದ್ದವು. ಅಲ್ಲಿಂದ ಕುಷ್ಟಗಿಯವರೆಗೆ ಬಸ್ಸು ಒಂದಾಗಿ ಸೀನಿತು.

ಕುಷ್ಟಗಿಯಲ್ಲಿ, ಮಾಸ್ತರ ಅಲ್ಲಿಯ ತಂಡದ ಬಸಪ್ಪ ಕಾದಿದ್ದ. ಕಚೇರಿಯ ಚಪರಾಸಿ, ಎತ್ತರದ ಆಳು, ಬೆಲ್ಟಿಗೆ ಹಿತ್ತಾಳೆಯ ಬಿಲ್ಲೆ. ಅವನ ಮನೆಯ ಕಟ್ಟೆಯ ಮೇಲೆ ಕುಳಿತು ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಿದ್ದಾಗ ಅವನೂ ಹೇಳಿದ, ಮಾಸ್ತರು ಚೆಂಡಿಗೆ ಔಡಲೆಣ್ಣೆ ಹಚ್ಚಿ ಅಕ್ಕಿಯ ಗಡಿಗೆಯಲ್ಲಿ ಮಲಗಿಸುತ್ತಿದ್ದರೆಂದು. "ಮಾಸ್ತರ ಬೀಬಿಯವ್ರು ಅಂತಿದ್ರು, ಮುಂದಿನ ಜನ್ಮದಾಗ ಈ ಮನ್ಯಾಗ ಚೆಂಡಾಗಿ ಹುಟ್ಟಬೇಕು ಅಂತ." ಎಲ್ಲರೂ ನಕ್ಕೆವು. ಆಮೇಲೆ ಬಸಪ್ಪ ಬಿಲ್ಲೆಯನ್ನು ತೋಳಿನಿಂದ ಒರೆಸಿಕೊಂಡು, "ಆದ್ರ ಅಂಥವ್ರ ಕಾಲು ನನ್ನಿಂದ ಹೋತಲ್ಲ, ಅದೊಂದು..." ಎಂದು ಶುರು ಮಾಡಿದ.

"ಇವ ಮೂರನ್ಯಾಂವ!" ಎಂದ ಯಂಕೋಬ.

ಜಗಳವೇ ಆಯಿತು. ಬಸಪ್ಪನದು ಪಂದ್ಯದ ದಿನ ಶೇಂಗಾ ಕೀಳಲು ಹೋದ ತಪ್ಪು, ಎಂಟು ಸುತ್ತು. "ನಿಮ್ಮದು ಐದ, ನಂದು ಎಂಟು," ಎಂದು ಅವನು ಸರಕಾರಿ ದನಿಯಲ್ಲಿ ವಾದಿಸಿದ. ಕೊನೆಗೆ ಸಂಗಪ್ಪ ಅಡಕೆ ಉಗುಳಿ ಎದ್ದ. "ಸುಮ್ನ ಕುಂದರ್ರಿ ಎಲ್ಲಾರೂ. ಕೊಪ್ಪಳದಾಗ, ಈ ಶಂಕ್ರಪ್ಪನ ರಾಯಚೂರಿಗಿಂತ ಒಂದು ತಿಂಗಳು ಮೊದಲು, ಪಂದ್ಯದಾಗ ಅಂಪೈರಗ ಬೈದಿದ್ದು ಯಾರು? ನಾನು. ಹನ್ನೊಂದು ಸುತ್ತು. ಆ ಕುಂಟು ನಂದು." ಅವನ ಕಣ್ಣಲ್ಲಿ ನೀರಿತ್ತು. ಮೆಣಸಿನಕಾಯಿಯದಿರಬಹುದು.

ರಾಜಿಯಾಗಿ ಬಿನ್ನವತ್ತಳೆಯಲ್ಲಿ ಒಂದು ವಾಕ್ಯ ಸೇರಿಸಿದೆವು. ನಾನು ನನ್ನ ಚಂದದ ಅಕ್ಷರದಲ್ಲಿ ಬರೆದೆ: "ನಮ್ಮೆಲ್ಲರ ತಪ್ಪುಗಳಿಗಾಗಿ ಓಡಿ ಓಡಿ ತಮ್ಮ ಪಾದವನ್ನೇ ಸವೆಸಿದ ಗುರುವರ್ಯರೇ."

ಶುಕ್ರವಾರ ಬೆಳಿಗ್ಗೆ ಯಲಬುರ್ಗಿ ಮುಟ್ಟಿದೆವು. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಸಾಲೆಯ ಅಂಗಳದಲ್ಲಿ ಸಭೆ. ನಾಲ್ಕೂ ಊರಿನ ಹಳೆಯ ಆಟಗಾರರು ಮೂವತ್ತು ಮಂದಿ, ಸುತ್ತ ಈಗಿನ ಹುಡುಗರು. ಎರಡು ಕಂಬಗಳ ಮೇಲೆ ಅವೇ ಕಪಿಲೆಯ ಬಳೆಗಳು. ಮಾಸ್ತರು ಬಂದರು. ಮೀಸೆ ಬೆಳ್ಳಗಾಗಿತ್ತು, ಟೋಪಿಯ ಕೆಂಪು ಇಟ್ಟಂಗಿಯ ಬಣ್ಣಕ್ಕೆ ಇಳಿದಿತ್ತು. ನಮ್ಮ ನಾಲ್ವರ ಕಣ್ಣೂ ಅವರ ಮುಖ ಬಿಟ್ಟು ಬಲಗಾಲಿನ ಮೇಲೆ. ಅದು ನೆಟ್ಟಗೆ ನಡೆಯುತ್ತಿತ್ತು!

ಹಾರವಾಯಿತು, ಶಾಲು ಹೊದಿಸಿದ್ದಾಯಿತು. ನಾನು ಎದ್ದು, ಕನ್ನಡಕ ಬದಲಿಸಿ, ಕಾಗದ ಹಿಡಿದು ಓದತೊಡಗಿದೆ. "ಪಾದವನ್ನೇ ಸವೆಸಿದ ಗುರುವರ್ಯರೇ" ಎಂಬಲ್ಲಿ ಸೀಟಿ ಕೇಳಿಸಿತು. ನಿಜವಾದ ಸೀಟಿ, ಮಾಸ್ತರು ಅಂಗಿಯ ಕಿಸೆಯಿಂದ ತೆಗೆದು ಊದಿದ್ದರು.

"ಶಂಕ್ರಪ್ಪ ಸಾಹೇಬ್ರ, ಸ್ವಲ್ಪ ನಿಂದರ್ರಿ."

ಸಾಹೇಬ್ರ! ನಾನು ಮತ್ತೆ ಹದಿನೆಂಟು ವರ್ಷದವನಾದೆ.

"ಯಾರ್ ಸವಿಸ್ಯಾರ? ಈ ಕಾಲು ಒಂಬತ್ತು ವರ್ಷದಾಂವ ಇದ್ದಾಗ ಹುಣಸಿಮರದ ಮ್ಯಾಲಿಂದ ಬಿದ್ದು ಮುರಕೊಂಡಿದ್ದು. ಸಾದಾ ನಡದ್ರ ತಿಳಿಯಂಗಿಲ್ಲ. ಓಡಿದ್ರ ನಾಕು ದಿನ ಎಳೀತದ, ಅಷ್ಟ."

"ಮತ್ತ ಡ್ರಿಲ್ ಮಾಸ್ತರ ನೌಕರಿ ಹೆಂಗ ಕೊಟ್ರರೀ?" ಎಂದ ಬಸಪ್ಪ, ಸರಕಾರಿ ಮನುಷ್ಯ.

"ಇನ್ಸ್‌ಪೆಕ್ಟರ್ ಸಾಹೇಬ್ರು ಬಂದಾಗ ನಾ ಅಟೆನ್ಶನ್‌ನ್ಯಾಗ ನಿಂತಿರತಿದ್ದೆ."

ಹುಡುಗರೆಲ್ಲ ಹೋ ಎಂದು ನಕ್ಕರು. ಯಂಕೋಬ ಮಾತ್ರ ನಗಲಿಲ್ಲ. "ಹಂಗಾರ ಮಾಸ್ತರ, ಅದಕ್ಕೂ ಮೊದಲ ನಮಗ ಯಾಕ ಕಾಣಲಿಲ್ಲ?"

"ನೀವು ಯಾವಾಗಲೂ ಚೆಂಡು ನೋಡ್ತಿದ್ರಿ. ತಪ್ಪು ಮಾಡಿದ ದಿನ ತಲಿ ಕೆಳಗ ಹಾಕಿದ್ರಿ. ಆವಾಗ ನನ್ನ ಕಾಲು ಕಂಡ್ತು."

ಮಾಸ್ತರು ಎದ್ದರು. ಶಾಲು ತೆಗೆದು ಕುರ್ಚಿಯ ಮೇಲಿಟ್ಟರು. "ಬಿನ್ನವತ್ತಳ್ಯಾಗ ತಪ್ಪು ಐತಿ. ಓದಿದಾಂವ ಶಂಕ್ರ್ಯಾ. ಟೋಪಿ ಹಿಡಿ."

ನಾನು ಹಿಡಿದೆ. ಐವತ್ತೈದು ವರ್ಷದ ಮನುಷ್ಯ ಬಿಸಿಲಿನಲ್ಲಿ ಓಡತೊಡಗಿದರು. ಕಂಬದ ತಿರುವಿನಲ್ಲಿ ಬಲಗಾಲು ಎಳೆಯಿತು. ಅದೇ ಕಾಲು, ಅದೇ ಟೋಪಿ, ಟೋಪಿಯೊಳಗೆ ಅದೇ ಎಣ್ಣೆಯ ವಾಸನೆ. ನಲವತ್ತು ವರ್ಷದಲ್ಲಿ ನಾನು ಮುಂದಾಲೋಚನೆಯಿಲ್ಲದೆ ಮಾಡಿದ ಕೆಲಸ ಒಂದೇ, ಆ ಹೊತ್ತಿನದು. ಟೋಪಿಯನ್ನು ಹಾರದ ತಟ್ಟೆಯಲ್ಲಿಟ್ಟು ಧೋತರ ಮೇಲೆ ಕಟ್ಟಿ ಓಡಿದೆ. ಹಿಂದೆ ಧಪಧಪ ಸದ್ದು. ಸಂಗಪ್ಪ ಹೊಟ್ಟೆ ಹಿಡಿದುಕೊಂಡು, ಯಂಕೋಬ, ಬಿಲ್ಲೆ ಕುಣಿಸುತ್ತ ಬಸಪ್ಪ, ಅವರ ಹಿಂದೆ ಉಳಿದ ಹೆಂಡಿರು ಮಕ್ಕಳಿರುವ ಗಂಡಸರೆಲ್ಲ.

ಮಾಸ್ತರನ್ನು ಕೂಡಿಕೊಂಡೆ. ಅವರು ತಿರುಗಿ ನೋಡಲಿಲ್ಲ. "ಟೋಪಿ ಬಿಟ್ಟು ಬಂದ್ಯಾ?"

"ಬಂದೆ ಮಾಸ್ತರ."

"ರಾಯಚೂರಾಗ ಛಲೋ ಎಸದಿದ್ಯೋ. ಬಳಿಗೆ ತಾಗದಂಗ ಹೋತು. ದಿಕ್ಕು ಅಷ್ಟ ತಪ್ಪಿತ್ತು." ನಾಲ್ಕು ಹೆಜ್ಜೆ ಉಸಿರು ತೆಗೆದುಕೊಂಡು, "ಇವತ್ತಿಂದು ನಡೀತದ," ಎಂದರು.

ಆ ಮಾತನ್ನು ಕೇಳಿ ಮುಂದಿನ ಹೆಜ್ಜೆ ಎಲ್ಲಿಡುತ್ತಿದ್ದೇನೆಂದು ನೋಡಲಿಲ್ಲ. ಮೂಲೆಯ ಕುಳಿಯಲ್ಲಿ ಕಾಲು ಹೊರಳಿತು.

ಶನಿವಾರ ಯಲಬುರ್ಗಿಯಿಂದ ಕುಕನೂರಿಗೆ ಜಟಕಾ, ಅಲ್ಲಿಂದ ಬನ್ನಿಕೊಪ್ಪದ ಸ್ಟೇಶನ್ನಿಗೆ ಚಕ್ಕಡಿ. ಹೊರಡುವಾಗ ಮಾಸ್ತರು ಬಾಗಿಲಿಗೆ ಬಂದು ನಿಂತಿದ್ದರು. ಅವರು ಕುಂಟುತ್ತ ಬಂದರು, ನಾನು ಕುಂಟುತ್ತ ಹೋದೆ. ಸಂಗಪ್ಪ ನನ್ನ ಬಾವು ಬಂದ ಕಾಲನ್ನು ಅಸೂಯೆಯಿಂದ ನೋಡಿದ್ದನ್ನು ನಾನು ಗಮನಿಸದೆ ಇರಲಿಲ್ಲ. ಚೀಲದಲ್ಲಿ ಅಷ್ಟು ಔಷಧ ಇತ್ತು, ಉಳುಕಿಗೆ ಹಚ್ಚುವುದೊಂದು ಇರಲಿಲ್ಲ.

ಗದುಗಿನಲ್ಲಿ ಮನೆಯ ಮೆಟ್ಟಿಲು ಹತ್ತುವುದನ್ನು ಕಂಡು ಮನೆಯವಳು ಗಾಬರಿಯಾಗಿ ಓಡಿಬಂದಳು. "ಅಯ್ಯ, ಕಾಲಿಗೇನಾತ್ರೀ? ಯಾರು ಮಾಡಿದ್ರು?"

"ಯಾರೂ ಮಾಡಿಲ್ಲ," ಎಂದೆ. "ಇದು ನಂದ."

ನಾಲ್ಕು ದಿನ ಕುಂಟಿದೆ. ಐದನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಕಾಲು ನೆಟ್ಟಗೆ ನಡೆಯುತ್ತಿತ್ತು. ಜಿನ್ನಿಗೆ ಹೋಗುವ ದಾರಿಯಲ್ಲಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಇನ್ನೊಂದು ಹತ್ತು ಹೆಜ್ಜೆ ಕಾಲು ಎಳೆದುಕೊಂಡು ನಡೆದೆ.